ಹಿಟ್ಟಿನ ಕೋಳಿ, ಪ್ಲಾಸ್ಟಿಕ್ ಸವಾರ

ಹಿಟ್ಟಿನ ಕೋಳಿಯನ್ನು ಕಡಿದರೆ ಕೊಲೆಯ ಪಾಪ ಬರುತ್ತದೆಯೇ? ಕನ್ನಡ ಮೇಷ್ಟ್ರಾಗಿದ್ದಷ್ಟು ಕಾಲವೂ ಈ ಪ್ರಶ್ನೆಯನ್ನು ಹೈಸ್ಕೂಲು ಮಕ್ಕಳ ಮುಂದೆ ಇಡುತ್ತಿದ್ದೆ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ನಡುಮಧ್ಯದಲ್ಲಿ ಕೂತಿರುವ ಪ್ರಶ್ನೆ ಇದು. ಮಗನ ಕೆಟ್ಟ ಕನಸಿಗೆ ಶಾಂತಿಯಾಗಬೇಕಾದರೆ ದೇವಿಗೆ ಬಲಿ ಕೊಡಬೇಕು ಎನ್ನುತ್ತಾಳೆ ತಾಯಿ ಚಂದ್ರಮತಿ. ಜೀವ ತೆಗೆಯಲಾರೆ ಎನ್ನುತ್ತಾನೆ ಯಶೋಧರ. ಇಬ್ಬರಿಗೂ ಒಪ್ಪಿಗೆಯಾಗುವ ನಡುದಾರಿ ಹಿಟ್ಟಿನ ಕೋಳಿ. ಕತ್ತಿ ಬಿದ್ದಾಗ ಆ ಕೋಳಿ ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿ ಮಗ ನವಿಲಾಗಿ, ನಾಯಿಯಾಗಿ, ಹಾವಾಗಿ, ಮೀನಾಗಿ, ಆಡಾಗಿ, ಕೋಳಿಯಾಗಿ ಹುಟ್ಟುತ್ತಾರೆ, ಪ್ರತಿ ಸಲವೂ ಯಾರದೋ ಕೈಯಲ್ಲಿ ಸಾಯುತ್ತಾರೆ. ಒಂದು ತೊಟ್ಟು ರಕ್ತವೂ ಬೀಳದ ಕಡೆ ಇಷ್ಟೊಂದು ಪಾಪ ಎಲ್ಲಿಂದ ಬಂತು ಸಾರ್ ಎಂದು ಮಕ್ಕಳು ಕೇಳುತ್ತಿದ್ದರು. ಸಂಕಲ್ಪದಿಂದ ಬಂತು ಎಂದು ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ. 1980ರಲ್ಲಿ ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿದರು. ಮಕ್ಕಳಿಗೆ ಅದರ ಹೆಸರನ್ನೂ ಬರೆಸುತ್ತಿದ್ದೆ.

ಈಗ ನಿವೃತ್ತನಾಗಿ ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಲ್ಲಿದ್ದೇನೆ. ಅಡಿಕೆ ತೋಟ, ಅದರಾಚೆ ಕಾಡು, ಮನೆಯಲ್ಲಿ ತೊಂಬತ್ತರ ಹತ್ತಿರದ ಅವ್ವ. ಸಂಜೆ ಹೊತ್ತು ನನ್ನ ಮೇಜಿನ ಮೇಲೆ ಹೆಬ್ಬೆರಳಿನ ಮೇಲಿನ ಗೆಣ್ಣಿಗಿಂತ ಚಿಕ್ಕವರಾದ ಸೈನಿಕರು ನಿಂತಿರುತ್ತಾರೆ. 1:72 ಅಳತೆಯವರು. ನಿಜದಲ್ಲಿ ಐದಡಿ ಎಂಟಂಗುಲದ ಮನುಷ್ಯ ಈ ಅಳತೆಯಲ್ಲಿ 24 ಮಿಲಿಮೀಟರ್ ಆಗುತ್ತಾನೆ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಪೆಟ್ಟಿಗೆಯಲ್ಲಿ ಬರುತ್ತಾರೆ. ಕೆಲವು ಪೆಟ್ಟಿಗೆಗಳಲ್ಲಿ ಕೈ, ತಲೆ, ಬಂದೂಕು, ಕುದುರೆಯ ಎರಡು ಪಕ್ಕೆ ಎಲ್ಲ ಬಿಡಿಬಿಡಿ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1959ರಿಂದ ಇಂಥ ಚಿಕ್ಕ ಸೈನಿಕರನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರತೊಡಗಿತು. ಈಗ ಇಟಲಿಯ ಇಟಲೇರಿ, ರಷ್ಯಾದ ಜ್ವೆಜ್ದಾ ಮೊದಲಾದ ಕಂಪನಿಗಳೂ ಮಾಡುತ್ತವೆ. ಬೆಂಗಳೂರಿನಲ್ಲಿ ಓದುವ ಅಣ್ಣನ ಮೊಮ್ಮಗ ಒಂದು ಪೆಟ್ಟಿಗೆ ತಂದು ಅರ್ಧ ಮಾಡಿ ಬಿಟ್ಟುಹೋದ. ಉಳಿದರ್ಧ ನನಗೆ ಬಂತು. ಹಾಗೆ ಶುರುವಾದ ಕೆಲಸ.

ಕೆಲಸದ ವಿವರ ಸ್ವಲ್ಪ ಹೇಳಬೇಕು, ಏಕೆಂದರೆ ಪ್ರಶ್ನೆ ಹುಟ್ಟಿದ್ದೇ ಅದರೊಳಗಿಂದ. ಮೊದಲು ಚೌಕಟ್ಟನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ನೆನೆಸಿ ತೊಳೆಯಬೇಕು. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಾದರೆ ಅದರ ಅಂಟು ಎರಡೂ ಅಂಚನ್ನು ಕರಗಿಸಿ ಒಂದು ಮಾಡುತ್ತದೆ, ಮತ್ತೆ ಬಿಡಿಸಲಾಗದು. ಮೆದು ಪ್ಲಾಸ್ಟಿಕ್ಕಾದರೆ ಮೊದಲೊಂದು ಅಸ್ತರಿ ಬಣ್ಣ ಕೊಡದಿದ್ದರೆ ಮೊಣಕೈ ಬಾಗಿರುವ ಕಡೆ ಬಣ್ಣ ಪೊರೆಯಾಗಿ ಏಳುತ್ತದೆ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಮೈಯುದ್ದಕ್ಕೂ ಕೂದಲಿನಷ್ಟು ಸಣ್ಣ ಗೆರೆ ಇರುತ್ತದೆ, ಅದನ್ನು ಬ್ಲೇಡಿನ ಬೆನ್ನಿನಿಂದ ಹೆರೆಯಬೇಕು. ಕುಯ್ಯಲು ಹಾಸಿಕೊಳ್ಳುವುದು ನಮ್ಮ ತೋಟದ ಅಡಿಕೆ ಹಾಳೆ. ಕಾಲಡಿಯ ನೆಲಕ್ಕೆ ನಮ್ಮ ಸೂಳೆಕೆರೆಯ ಜರಡಿ ಹಿಡಿದ ಮಣ್ಣು.

ನಾನು ಮಾಡಲು ಹೊರಟಿರುವುದು ಮೈಸೂರು ಲ್ಯಾನ್ಸರ್ಸ್ ಸವಾರರನ್ನು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಬಿಡಿಸಿದ ಕುದುರೆಪಡೆ ಅದು. ಜೋಧಪುರದ ಸವಾರರು ಪಟ್ಟಣದ ಕಡೆಗೆ ನುಗ್ಗಿದರೆ, ನಮ್ಮವರಲ್ಲಿ ಒಂದು ತುಕಡಿ ಕಾರ್ಮೆಲ್ ಗುಡ್ಡದ ಏರು ಹತ್ತಿ ಅಲ್ಲಿದ್ದ ಫಿರಂಗಿಗಳ ಮೇಲೆ ಬಿತ್ತು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಭರ್ಜಿ ಮತ್ತು ಕತ್ತಿ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿರುವ ಮೂವರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು, ಉಳಿದಿಬ್ಬರು ಹೈದರಾಬಾದ್ ಮತ್ತು ಜೋಧಪುರದವರು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿತು. ಬೆಂಗಳೂರಿನ ಜೆ.ಸಿ. ನಗರದ ಕಡೆಗೆ ಹೋದರೆ ಲ್ಯಾನ್ಸರ್ಸ್ ಸ್ಮಾರಕವೂ ಇದೆ. ಆಗ ಚನ್ನಗಿರಿ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಅದು ನಮ್ಮ ರಾಜ್ಯದ ಪಡೆ ಎಂಬ ಅಭಿಮಾನ ನನಗಿದೆ, ಬೇರೆಯವರ ಸಾಮ್ರಾಜ್ಯಕ್ಕಾಗಿ ಕಾದಿದ ಪಡೆ ಎಂಬ ಸಂಕಟವೂ ಇದೆ. ಎರಡನ್ನೂ ಇಟ್ಟುಕೊಂಡೇ ಕೆಲಸ ಮಾಡುತ್ತೇನೆ.

ಮೈಸೂರು ಲ್ಯಾನ್ಸರ್ಸ್ ಎಂದು ಬರೆದ ಪೆಟ್ಟಿಗೆ ನನಗೆಲ್ಲೂ ಸಿಕ್ಕಿಲ್ಲ. ಬೇರೆ ಸವಾರರನ್ನು ತಂದು ಅವರ ತಲೆ ತೆಗೆದು, ರುಮಾಲು ಸುತ್ತಿದ ತಲೆ ಕೂರಿಸುತ್ತೇನೆ. ರುಮಾಲು ಎಂ-ಸೀಲಿನದು, ಕಲಸಿ, ದಾರದಷ್ಟು ತೆಳುವಾಗಿ ಹೊಸೆದು, ಸೂಜಿಯ ತುದಿಯಲ್ಲಿ ಸುತ್ತಬೇಕು. ಭರ್ಜಿಯ ಕೋಲು ನಿಜದಲ್ಲೂ ಬಿದಿರಿನದು, ಸುಮಾರು ಒಂಬತ್ತಡಿ. ನನ್ನ ಅಳತೆಯಲ್ಲಿ 38 ಮಿಲಿಮೀಟರ್. ಹಾಗಾಗಿ ನಮ್ಮ ಬೇಲಿಯ ಬಿದಿರನ್ನೇ ಸೀಳಿ ಸೀಳಿ ಅಷ್ಟು ಸಣ್ಣ ಮಾಡುತ್ತೇನೆ.

ಹೀಗೆ ತಲೆ ತೆಗೆಯುತ್ತಿದ್ದಾಗ ಅವ್ವ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದಳು. ಬ್ಲೇಡು ಕುತ್ತಿಗೆಯ ಮೇಲಿತ್ತು.

“ದೀಪ ಹಚ್ಚೋ ಹೊತ್ನಾಗೆ ಕುತ್ತಿಗೆ ಕುಯ್ಯೋದೇನಪ್ಪಾ?”

“ಪ್ಲಾಸ್ಟಿಕ್ಕು ಕಣವ್ವ, ಜೀವ ಇಲ್ಲ ಅದಕ್ಕೆ.”

“ಜೀವ ಇಲ್ಲ ಅನ್ನೋದು ನಿನ್ನ ಕೈಗೆ ಗೊತ್ತೈತಾ?”

ಅವ್ವ ಜನ್ನನನ್ನು ಓದಿದವಳಲ್ಲ. ತರಗತಿಯಲ್ಲಿ ‘ಸಂಕಲ್ಪ’ ಎಂದು ಹೇಳಿ ದಾಟಿಹೋಗುತ್ತಿದ್ದ ಕಡೆ ಅವಳು ನನ್ನನ್ನು ನಿಲ್ಲಿಸಿದಳು. ಅವಳ ಮಾತು ಗಾಳಿಗೆ ಹೋಗುವಂಥದ್ದಲ್ಲ. ನಾವು ಲಿಂಗವಂತರು. ಬೆಳಿಗ್ಗೆ ಸ್ನಾನವಾದ ಮೇಲೆ ಎಡಗೈಯ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ಅದರಲ್ಲಿ ನೆಡುವುದು ಅವಳು ಕಲಿಸಿದ ಅಭ್ಯಾಸ. ಸಂಜೆ ಅದೇ ಅಂಗೈಯ ಮೇಲೆ ಸವಾರ ಕೂತಿರುತ್ತಾನೆ, ಅದೇ ಕಣ್ಣು ಅವನಲ್ಲಿ ನೆಟ್ಟಿರುತ್ತದೆ. ಬೆಳಗಿನ ನೋಟ ಮನಸ್ಸನ್ನು ತಿದ್ದುತ್ತದೆ ಎಂದು ನಂಬುವವನು, ಸಂಜೆಯ ನೋಟ ಏನನ್ನೂ ಮಾಡುವುದಿಲ್ಲ ಎಂದು ಹೇಗೆ ಹೇಳಿಯಾನು? ಆಕಾರದಲ್ಲಿ ಶಕ್ತಿ ಇಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿರಲಿಲ್ಲ.

ಜನ್ನ ಜೈನ ಕವಿ. ಜೈನ ಗೃಹಸ್ಥರ ನಡತೆ ಹೇಳುವ ಶ್ರಾವಕಾಚಾರ ಹಿಂಸೆಯನ್ನು ನಾಲ್ಕಾಗಿ ಬಿಡಿಸುತ್ತದೆ. ಅಡುಗೆ, ಮನೆಗೆಲಸದಲ್ಲಿ ಆಗುವುದು ಆರಂಭಿ. ಬೇಸಾಯ, ಕಸುಬಿನಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವನನ್ನು ಎದುರಿಸುವಾಗ ಆಗುವುದು ವಿರೋಧಿ. ಕೊಲ್ಲಬೇಕೆಂದೇ ಮಾಡುವುದು ಸಂಕಲ್ಪಿ. ಗೃಹಸ್ಥ ಮೊದಲ ಮೂರನ್ನು ಪೂರ್ತಿ ಬಿಡಲಾರ, ನಾಲ್ಕನೆಯದನ್ನು ಬಿಡಲೇಬೇಕು. ಈ ಲೆಕ್ಕದಲ್ಲಿ ಊರು ಕಾಯಲು ಕತ್ತಿ ಹಿಡಿದವನಿಗಿಂತ ಹಿಟ್ಟಿನ ಕೋಳಿ ಕಡಿದ ಯಶೋಧರನ ಭಾರ ಹೆಚ್ಚು. ಮೊದಮೊದಲು ಇದು ಅನ್ಯಾಯವೆನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. ಯಶೋಧರನಿಗೆ ಕೋಳಿಯ ಸಾವಿನಿಂದ ಏನೋ ಬೇಕಿತ್ತು: ಕನಸಿಗೆ ಶಾಂತಿ, ತಾಯಿಗೆ ಸಮಾಧಾನ. ಇನ್ನೊಂದು ಜೀವದ ಸಾವನ್ನು ಕೊಟ್ಟು ತನಗೆ ಬೇಕಾದದ್ದನ್ನು ಕೊಳ್ಳಬಹುದು ಎಂಬ ವ್ಯವಹಾರಕ್ಕೆ ಅವನ ಮನಸ್ಸು ಸಹಿ ಹಾಕಿತು. ಹಿಟ್ಟು ಆ ವ್ಯವಹಾರದ ನಾಣ್ಯ ಮಾತ್ರ. ಆಯುಧಪೂಜೆಯ ದಿನ ಕುಂಕುಮ ತುಂಬಿದ ಬೂದುಗುಂಬಳ ಒಡೆಯುವಾಗ, ಹೊಸ ಟ್ರ್ಯಾಕ್ಟರಿನ ಗಾಲಿಗೆ ನಿಂಬೆಹಣ್ಣು ಕೊಡುವಾಗ ನಾವೂ ಅದೇ ಸಹಿ ಹಾಕುತ್ತೇವೆ ಎಂದು ನನಗನ್ನಿಸುತ್ತದೆ. ನಮ್ಮ ತೋಟದ ಮನೆಯಲ್ಲಿ ಈಗ ಕುಂಬಳ ಒಡೆಯುವುದಿಲ್ಲ, ಸಾರು ಮಾಡುತ್ತೇವೆ.

ಹಾಗಾದರೆ ನನ್ನ ಬ್ಲೇಡು? ಅದಕ್ಕೆ ಆ ಸವಾರನ ಸಾವಿನಿಂದ ಏನೂ ಬೇಕಾಗಿಲ್ಲ. ಒಂದು ತಲೆ ತೆಗೆದು ಇನ್ನೊಂದು ಕೂರಿಸಿ ಅವನನ್ನು ಒಬ್ಬ ನಿರ್ದಿಷ್ಟ ಮನುಷ್ಯನ ಹತ್ತಿರಕ್ಕೆ ತರುವುದಷ್ಟೇ ಅದರ ಕೆಲಸ. ಅವ್ವನಿಗೆ ಹೀಗೆಂದೆ. ಅವಳು, ಹಾಗಾದರೆ ಬೆಳಗಿನ ಹೊತ್ತು ಮಾಡು, ದೀಪದ ಹೊತ್ತಿನಲ್ಲಿ ಬೇಡ ಎಂದಳು. ಈಗ ಕುಯ್ಯುವ ಕೆಲಸವೆಲ್ಲ ಬೆಳಿಗ್ಗೆ, ಸಂಜೆಗೆ ಬಣ್ಣ ಮಾತ್ರ.

ಈ ಸೈನಿಕರನ್ನು ಆಟಕ್ಕೆ ಬಳಸುವ ದೊಡ್ಡ ಪರಂಪರೆಯೇ ಇದೆ. ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಅದರ ನಿಯಮ ಬರೆದ. ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಎದುರಾಳಿಯ ಸೀಸದ ಸಿಪಾಯಿಗಳನ್ನು ಉರುಳಿಸುವ ಆಟ. ಈ ಪುಟ್ಟ ಯುದ್ಧ ಆಡಿ ನೋಡಿದವನಿಗೆ ನಿಜವಾದ ಯುದ್ಧ ಎಂಥ ಮೂರ್ಖತನ ಎಂಬುದು ತಿಳಿಯುತ್ತದೆ ಎಂಬುದು ಅವನ ವಾದ. ಮಾರನೆಯ ವರ್ಷವೇ ಮಹಾಯುದ್ಧ ಬಂತು. ವೆಲ್ಸನ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ, ವಾದ ಮಾತ್ರ ಒಪ್ಪಿಗೆಯಾಗುವುದಿಲ್ಲ. ಯುದ್ಧವನ್ನು ಚಿಕ್ಕದು ಮಾಡಿದರೆ ಅದರ ವಿಷ ಇಳಿಯುತ್ತದೆಯೇ ಎಂಬುದನ್ನು ಪಂಪ 941ರಲ್ಲೇ, ‘ಆದಿಪುರಾಣ’ದಲ್ಲಿ ಪರೀಕ್ಷೆ ಮಾಡಿ ಮುಗಿಸಿದ್ದಾನೆ. ಅವನು ಸ್ವತಃ ಕತ್ತಿ ಹಿಡಿದವನು. ಭರತ ಬಾಹುಬಲಿಯರ ಎರಡು ಸೈನ್ಯಗಳು ಎದುರುಬದುರು ನಿಂತಾಗ ಮಂತ್ರಿಗಳು, ಇಷ್ಟು ಜನ ಸಾಯುವುದೇಕೆ, ನೀವಿಬ್ಬರೇ ಹೋರಾಡಿ ಎನ್ನುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಒಂದು ಹನಿ ರಕ್ತವಿಲ್ಲದೆ ಮೂರರಲ್ಲೂ ಬಾಹುಬಲಿ ಗೆಲ್ಲುತ್ತಾನೆ. ಆಗ ಏನಾಯಿತು? ಸೋತ ಭರತ ಚಕ್ರವನ್ನೇ ತಮ್ಮನ ಮೇಲೆ ಪ್ರಯೋಗಿಸಿದ. ಯುದ್ಧ ಚಿಕ್ಕದಾಯಿತು, ಗೆಲ್ಲಬೇಕೆಂಬ ಆಸೆ ಒಂದಿಷ್ಟೂ ಚಿಕ್ಕದಾಗಲಿಲ್ಲ. ಅದನ್ನು ಕಂಡ ಬಾಹುಬಲಿ ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು ತಪಸ್ಸಿಗೆ ಹೋದ. ನಾನು ಈ ಸೈನಿಕರನ್ನು ಆಡಿಸದಿರುವುದು ಇದಕ್ಕೇ. ದಾಳ ಉರುಳಿಸಿ ಎದುರಿನ ಸಾಲು ಬೀಳಲಿ ಎಂದು ಮನಸ್ಸು ಬಯಸಿದ ಕ್ಷಣ, ಮೇಜಿನ ಮೇಲಿರುವುದು ಹಿಟ್ಟಿನ ಕೋಳಿ.

ಎದುರಿನ ಸಾಲಿನ ಮಾತು ಬಂತು. ನಮ್ಮ ಕಡೆಯವರ ಗುಂಡಿ ಗುಂಡಿಗೂ ಬಣ್ಣ ಕೊಟ್ಟು, ವೈರಿಗಳಿಗೆ ಒಂದೇ ಕೈ ಬೂದು ಬಳಿದು ನಿಲ್ಲಿಸುವವರಿದ್ದಾರೆ. ಈ ಕೆಲಸದಲ್ಲಿ ಪಾಪ ಎಂಬುದೇನಾದರೂ ಇದ್ದರೆ ಅದು ಅಲ್ಲಿದೆ ಎಂದು ನನ್ನ ನಂಬಿಕೆ. ನನ್ನ ಕಾರ್ಮೆಲ್ ಗುಡ್ಡದ ಮೇಲೆ ಒಬ್ಬ ತುರ್ಕಿ ಗೋಲಂದಾಜ ಫಿರಂಗಿಯ ಪಕ್ಕ ಮೊಣಕಾಲೂರಿದ್ದಾನೆ. ಅವನ ಕಣ್ಣಿನ ಕೆಳಗಿನ ನೆರಳಿಗೆ ಮೈಸೂರಿನ ಸವಾರನಿಗೆ ಕೊಟ್ಟಷ್ಟೇ ಹೊತ್ತು ಕೊಟ್ಟೆ. ಅವನ ಬೂಟಿನ ಮೇಲಿನ ಮಣ್ಣೂ ಸೂಳೆಕೆರೆಯದೇ.

ಸಂಗ್ರಹದ ವಿಷಯ ಬೇಗ ಮುಗಿಸುತ್ತೇನೆ, ಅದರಲ್ಲಿ ಅಂಥ ಗೊಂದಲವಿಲ್ಲ. ಈ ಹವ್ಯಾಸದವರ ಮನೆಗಳಲ್ಲಿ ಬಿಚ್ಚದ ಪೆಟ್ಟಿಗೆಗಳು ಅಟ್ಟದವರೆಗೆ ಪೇರಿಸಿರುತ್ತವೆ. ಒಬ್ಬ ಮನುಷ್ಯ ಆಯುಷ್ಯವಿಡೀ ಕೂತರೂ ಮುಗಿಯದಷ್ಟು. ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ, ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ನನ್ನ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಪೆಟ್ಟಿಗೆ. ಅದು ಮುಗಿದ ಮೇಲೆಯೇ ಮುಂದಿನದು.

ಕಷ್ಟ ಇರುವುದು ಸತ್ತವರ ವಿಷಯದಲ್ಲಿ.

ಹೈಫಾದಲ್ಲಿ ನಮ್ಮ ಬ್ರಿಗೇಡಿನ 8 ಜನ ಸತ್ತರು, 34 ಜನ ಗಾಯಗೊಂಡರು. ಕುದುರೆಗಳು ಸತ್ತದ್ದು 60, ಗಾಯಗೊಂಡದ್ದು 83. ಮನುಷ್ಯರ ಲೆಕ್ಕದ ಪಕ್ಕ ಕುದುರೆಗಳ ಲೆಕ್ಕ ಇಟ್ಟು ನೋಡಿದವರಿಗೆ ಆ ದಿನದ ಗುಂಡುಗಳನ್ನು ಯಾರು ತಿಂದರು ಎಂಬುದು ತಿಳಿಯುತ್ತದೆ. ನನ್ನ ತಮ್ಮ ಸೇನೆಯ ಎ.ಎಸ್.ಸಿ. ವಿಭಾಗದಲ್ಲಿ ಹೇಸರಗತ್ತೆಗಳ ಸಾಗಣೆ ತುಕಡಿಯಲ್ಲಿದ್ದವನು, ಹವಾಲ್ದಾರನಾಗಿ ನಿವೃತ್ತನಾದವನು. ಬೆಟ್ಟದ ಮೇಲಿನ ಠಾಣೆಗಳಿಗೆ ಸಾಮಾನು ಹೊರಿಸಿಕೊಂಡು ಹೋಗುವುದು ಅವನ ಕೆಲಸವಾಗಿತ್ತು. ನನ್ನ ಸವಾರರನ್ನು ನೋಡಿ ಅವನು ಮೊದಲು ಹೇಳಿದ್ದು ಲಗಾಮಿನ ವಿಚಾರ: “ಏರು ಹತ್ತೋವಾಗ ಇಷ್ಟು ಬಿಗಿ ಹಿಡಿದ್ರೆ ಕುದುರೆ ಕತ್ತು ಚಾಚಾಕಾಗಲ್ಲಣ್ಣ. ಸಡಿಲ ಬಿಡು.” ಬಿಟ್ಟೆ. ಕುದುರೆಗಳ ನಿಲುವೇ ಬೇರೆಯಾಯಿತು.

ಬಿದ್ದ ಕುದುರೆಗಳೂ ಬಿದ್ದ ಮನುಷ್ಯರೂ ಗುಡ್ಡದ ಮೇಲೆ ಇರಬೇಕು ಎಂಬುದು ನನ್ನ ಹಟ. ಎಲ್ಲರೂ ನುಗ್ಗುತ್ತಿರುವ, ಯಾರೂ ಬೀಳದ ಯುದ್ಧವನ್ನು ಮಾಡಿದರೆ ಅದು ಸುಳ್ಳು. ಪೆಟ್ಟಿಗೆಗಳಲ್ಲಿ ಗಾಯಗೊಂಡು ಬೀಳುತ್ತಿರುವವನೊಬ್ಬ ಇರುವುದುಂಟು, ಕೈ ಚಾಚಿ, ಎದೆ ಸೆಟೆಸಿ, ನಾಟಕದವನ ಹಾಗೆ. ಅವನನ್ನು ನಾನು ಬಳಸುವುದಿಲ್ಲ. ಸತ್ತವರನ್ನು ಬೇರೆಯಾಗಿಯೇ ಮಾಡಬೇಕು. ತಮ್ಮ ಇದಕ್ಕೆ ಒಪ್ಪಲಿಲ್ಲ. “ಸತ್ತೋನ್ನ ನೋಡಾಕೆ ಇಡಬಾರ್ದು. ಮುಚ್ಚಬೇಕು,” ಎಂದ. ಅಷ್ಟೇ. ಯಾರನ್ನು ಮುಚ್ಚಿದ್ದನೋ, ಎಲ್ಲಿ ಮುಚ್ಚಿದ್ದನೋ, ಅವನು ಹೇಳುವುದಿಲ್ಲ, ನಾನು ಕೇಳುವುದಿಲ್ಲ.

ನಮ್ಮ ಹಳಬರು ಈ ತೊಡಕನ್ನು ಹೇಗೆ ಬಿಡಿಸಿಕೊಂಡರು ಎಂದು ನೋಡಲು ವೀರಗಲ್ಲುಗಳ ಹತ್ತಿರ ಹೋಗುತ್ತೇನೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳೂ ಇವೆ. ತುರು ಕಾಯ್ದು ಸತ್ತವರು, ಊರಳಿವಿನಲ್ಲಿ ಸತ್ತವರು: ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಕಾಣುವವರು ಇವರು. ಅರಸರಿಗಿಂತ ಇಂಥ ಸಾಮಾನ್ಯರ ಕಲ್ಲುಗಳೇ ನನ್ನನ್ನು ಹಿಡಿದು ನಿಲ್ಲಿಸುತ್ತವೆ. ಗೇಣುದ್ದದ ಸೈನಿಕ, ಬೆರಳುದ್ದದ ಕುದುರೆ; ಆ ಶಿಲ್ಪಿಗಳೂ ನನ್ನಂತೆ ಚಿಕ್ಕ ಅಳತೆಯಲ್ಲಿ ದುಡಿದವರು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನ ಪಟ್ಟಿಯಲ್ಲಿ ದೇವಕನ್ಯೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಅವನು ಕೂತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರ. ಶಿಲ್ಪಿ ಅವನನ್ನು ನೆಲದ ಮೇಲೆ ಬಿಟ್ಟು ಹೋಗುವುದಿಲ್ಲ. ಆಟಕೂರಿನ ಕಲ್ಲಿನಲ್ಲಿ ಈ ಗೌರವ ನಾಯಿಗೂ ಸಿಕ್ಕಿದೆ. 949ರ ತಕ್ಕೋಲಂ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ, ಗಂಗರ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ದೊಡ್ಡ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ನಾಯಿಯೂ ಇದೆ, ಹಂದಿಯೂ ಇದೆ. ಅರವತ್ತು ಕುದುರೆಗಳ ಬಗ್ಗೆ ಯೋಚಿಸುವಾಗ ನನಗೆ ಆ ಕಲ್ಲು ದೊಡ್ಡ ಧೈರ್ಯ.

ಈಜಿಪ್ಟಿನವರೂ ಹೀಗೇ ಯೋಚಿಸಿರಬೇಕು. ಕ್ರಿಸ್ತಪೂರ್ವ ಸುಮಾರು 2000ದ ಹೊತ್ತಿಗೆ ಅಸ್ಯೂತಿನ ಮೆಸೆಹ್ತಿ ಎಂಬ ಅಧಿಕಾರಿಯ ಗೋರಿಯಲ್ಲಿ ಮರದ ಪುಟ್ಟ ಸೈನಿಕರ ಎರಡು ಪಡೆಗಳನ್ನು ಇಟ್ಟರು: 40 ಜನ ಈಟಿಯವರು, 40 ಜನ ನೂಬಿಯಾದ ಬಿಲ್ಲುಗಾರರು. ಆಚೆ ಲೋಕದಲ್ಲಿ ಒಡೆಯನ ಜೊತೆಗಿರಲಿ ಎಂದು. ಅವರೆಲ್ಲ ನಡೆಯುತ್ತಿದ್ದಾರೆ, ಯಾರೂ ಬಿದ್ದಿಲ್ಲ.

ಆದರೆ ಆಚೆ ಲೋಕ ಇದ್ದವರಿಗೆ ಇದೆಲ್ಲ ಸಲೀಸು. ನನ್ನ ಪಾಲಿಗೆ ವೀರಗಲ್ಲಿನ ಮೇಲಿನ ಎರಡು ಪಟ್ಟಿಗಳಿಲ್ಲ. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆ, ಹಾಗಿರುವಾಗ ರಣದಲ್ಲಿ ಸಾಯಲು ಚಿಂತೆಯೇಕೆ ಎಂಬ ಅರ್ಥದ ಶ್ಲೋಕವನ್ನು ಎಷ್ಟೋ ವೀರಗಲ್ಲುಗಳ ಮೇಲೆ ಕೆತ್ತಿದ್ದಾರೆ. ಸ್ವರ್ಗ ನರಕಗಳನ್ನು ಇಲ್ಲಿನ ನಡೆನುಡಿಯಲ್ಲೇ ಹುಡುಕಿದ ಶರಣರ ದಾರಿಯಲ್ಲಿ ಬೆಳೆದ ನನಗೆ ಆ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಅಪ್ಸರೆಯರ ಆಸೆ ಹುಟ್ಟಿಸಿ ರೈತರ ಮಕ್ಕಳನ್ನು ಕಾಳಗಕ್ಕೆ ಕಳಿಸಿದ ಮಾತು ಅದು ಎಂದೇ ಅನ್ನಿಸುತ್ತದೆ. ಎತ್ತಿಕೊಂಡು ಹೋಗುವವರಿಲ್ಲದ ಮೇಲೆ ಸತ್ತವನು ನೆಲದ ಮೇಲೆಯೇ ಇರುತ್ತಾನೆ. ಅಲ್ಲಿ ಅವನಿಗೆ ಸಲ್ಲಬೇಕಾದದ್ದನ್ನು ದೇವಕನ್ಯೆಯರಲ್ಲ, ಪಕ್ಕದಲ್ಲಿ ಬದುಕಿ ಉಳಿದವನು ಸಲ್ಲಿಸಬೇಕು. ತಮ್ಮ ಹೇಳಿದ್ದೂ ಅದನ್ನೇ ಎಂದು ತಿಳಿಯಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಮರೆಮಾಚು ಎಂದಿರಲಿಲ್ಲ ಅವನು, ಮುಚ್ಚು ಎಂದಿದ್ದ. ಮುಚ್ಚಿದ ಹೆಣ ಗುಡ್ಡದ ಮೇಲೆ ಇರಬಹುದು. ಅಲ್ಲಿ ಒಬ್ಬ ಸತ್ತಿದ್ದಾನೆ ಎಂಬುದು ಎಲ್ಲರಿಗೂ ಕಾಣುತ್ತದೆ, ಅವನ ಮುಖ ಯಾರ ನೋಟಕ್ಕೂ ಸರಕಾಗುವುದಿಲ್ಲ.

ಈಗ ಎಂ-ಸೀಲನ್ನು ಹೊದಿಕೆಯಷ್ಟು ತೆಳುವಾಗಿ ಲಟ್ಟಿಸುವುದನ್ನು ಕಲಿಯುತ್ತಿದ್ದೇನೆ. ಬಾಟಲಿಗೆ ಟಾಲ್ಕಂ ಪೌಡರ್ ಸವರಿ ಲಟ್ಟಿಸಿದರೆ ಅಂಟುವುದಿಲ್ಲ. ಗಟ್ಟಿಯಾಗುವ ಮೊದಲೇ ಕತ್ತರಿಸಿ ಹೊದಿಸಿ, ಒದ್ದೆ ಕುಂಚದಿಂದ ಮಡಿಕೆ ಒತ್ತಬೇಕು. ಕುದುರೆಗಳಿಗೆ ಬೇರೆ ಅಳತೆಯ ಹೊದಿಕೆ ಬೇಕಾಗುತ್ತದೆ ಎಂದೆ. ತಮ್ಮ ತಲೆಯಾಡಿಸಿದ. ಕುದುರೆಯನ್ನು ಮುಚ್ಚುವ ಕಂಬಳಿ ಯಾರ ಹತ್ತಿರವೂ ಇರುವುದಿಲ್ಲ, ಜೀನು ಬಿಚ್ಚುತ್ತಾರೆ, ಅಷ್ಟೇ ಎಂದ. ಹಾಗಾಗಿ ಸತ್ತ ಕುದುರೆಗಳ ಬೆನ್ನಿನಿಂದ ಅಚ್ಚಿನಲ್ಲೇ ಕೂಡಿಬಂದ ಜೀನುಗಳನ್ನು ಹೆರೆದು ತೆಗೆಯುತ್ತಿದ್ದೇನೆ. ಬೆಳಗಿನ ಹೊತ್ತು.